ಪ್ರೊಬಯೋಟಿಕ್ ಮೊಸರು ತಿಂದರೆ ನಿಜವಾಗ್ಲೂ ಹೊಟ್ಟೆ ಸಾಫ್ ಆಗುತ್ತಾ? ಮನೆ ಮೊಸರು ಸಾಲದಾ?

ಗಿರಣಿ_ಗುಮಾಸ್ತ, ಗಂಗಾವತಿ

ವಿಷಯ ಸ್ವಲ್ಪ ಮುಜುಗರದ್ದು. ಇಲ್ಲಿ ಯಾರಿಗೂ ನನ್ನ ಮುಖ ಕಾಣಲ್ಲ ಅನ್ನೋ ಧೈರ್ಯದ ಮೇಲೆ ಕೇಳುತ್ತಿದ್ದೇನೆ.

ನನಗೆ 41 ವರ್ಷ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿ ಹಿಡಿದರೆ ಏಳುವುದು ರಾತ್ರಿ ಎಂಟಕ್ಕೆ, ಭತ್ತ ಬರೋ ಸುಗ್ಗಿಯಲ್ಲಿ ಹತ್ತೂ ಆಗುತ್ತದೆ. ಆರೇಳು ತಿಂಗಳಿಂದ ಹೊಟ್ಟೆ ಸಾಫ್ ಆಗುತ್ತಿಲ್ಲ. ಮೊದಲು ದಿನಾ ಎದ್ದ ಕೂಡಲೇ ಹೋಗುತ್ತಿದ್ದವನು ಈಗ ಎರಡು ದಿನಕ್ಕೊಮ್ಮೆ, ಕೆಲವು ಸಲ ಮೂರು ದಿನಕ್ಕೊಮ್ಮೆ. ಹೋದರೂ ತಿಣುಕಬೇಕು, ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸುತ್ತದೆ. ಮಧ್ಯಾಹ್ನ ಊಟ ಆದರೆ ಹೊಟ್ಟೆ ಡೊಳ್ಳಿನ ಹಾಗೆ ಬಿಗಿಯುತ್ತದೆ, ಬೆಲ್ಟ್ ಸಡಿಲ ಮಾಡಿ ಟೇಬಲ್ ಹಿಂದೆ ಅಡಗಿ ಕೂರಬೇಕು.

ಹೋದ ವಾರ ಮನೆಯವಳು ಹೊಸಪೇಟೆಗೆ ಹೋದಾಗ ಪ್ರೊಬಯೋಟಿಕ್ ಮೊಸರು ಅಂತ ಬರೆದ ಸಣ್ಣ ಕಪ್‌ಗಳನ್ನು ತಂದಳು. ಅವಳ ತಂಗಿ ಹೇಳಿದ್ದಂತೆ, ದಿನಾ ಒಂದು ತಿಂದರೆ ಹೊಟ್ಟೆ ಗಡಿಯಾರದ ಹಾಗೆ ನಡೆಯುತ್ತದೆ ಅಂತ. ನಮ್ಮವ್ವ ಆ ಕಪ್ ತಿರುಗಿಸಿ ತಿರುಗಿಸಿ ನೋಡಿ, "ಮನ್ಯಾಗ ಗಡಿಗಿ ತುಂಬ ಎಮ್ಮಿ ಮೊಸರು ಐತಿ, ಇದನ್ಯಾಕ ರೊಕ್ಕ ಕೊಟ್ಟು ತಂದ್ರಿ? ಇದ್ರಾಗ ಇರೋದು ಅದ್ರಾಗ ಇಲ್ಲೇನು?" ಅಂದಳು. ಇಬ್ಬರ ನಡುವೆ ನಾನು.

ದಿನಕ್ಕೊಂದು ಅಂದರೆ ತಿಂಗಳಿಗೆ ಆರುನೂರರ ಹತ್ತಿರ ಆಗುತ್ತದೆ. ಖರ್ಚು ಮಾಡೋಕೆ ತೊಂದರೆ ಇಲ್ಲ, ಕೆಲಸ ಮಾಡಬೇಕಷ್ಟೆ. ಯಾರಾದರೂ ತಿಂದು ನೋಡಿದವರು ಹೇಳಿ. ಅವ್ವ ಕೇಳಿದ ಪ್ರಶ್ನೆಗೂ ಉತ್ತರ ಬೇಕು.


ಕೌಲ್‌ಬಜಾರ್_ಹುಡುಗ, ಬಳ್ಳಾರಿ

ಅಣ್ಣ, ನನಗೆ ಕೆಲಸ ಮಾಡಿದೆ. ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ ನನ್ನದು. ಹೋದ ವರ್ಷ ಹಲ್ಲಿನ ಸೋಂಕಿಗೆ ಒಂದು ವಾರ ಆಂಟಿಬಯೋಟಿಕ್ ತಗೊಂಡೆ, ಮೂರನೇ ದಿನದಿಂದ ಬೇಧಿ ಶುರು. ಡಾಕ್ಟರ್ ಪ್ರೊಬಯೋಟಿಕ್ ಕ್ಯಾಪ್ಸೂಲ್ ಬರೆದುಕೊಟ್ಟರು, ಜೊತೆಗೆ ನಾನು ಅಂಗಡಿಯಲ್ಲಿ ಸಿಗೋ ಸಣ್ಣ 65 ಮಿ.ಲೀ. ಪ್ರೊಬಯೋಟಿಕ್ ಪಾನೀಯದ ಬಾಟಲಿಯನ್ನೂ ದಿನಾ ಕುಡಿದೆ. ನಾಲ್ಕು ದಿನದಲ್ಲಿ ಸರಿಹೋಯಿತು. ಅವತ್ತಿಂದ ನಮ್ಮ ಫ್ರಿಜ್‌ನಲ್ಲಿ ಅದು ಖಾಲಿಯಾಗಲ್ಲ. ಸುಮ್ನೆ ತಿನ್ನಿ, ನಷ್ಟ ಏನಿದೆ?


ಒಗ್ಗರಣೆ_ಮಿರ್ಚಿ, ಕೊಪ್ಪಳ

ಬೆಳಿಗ್ಗೆ ತಿಂಡಿ ಏನು ಅಂತ ನೀವು ಹೇಳಲೇ ಇಲ್ಲ. ಒಗ್ಗರಣೆ ಮಿರ್ಚಿ ಆಗಿದ್ದರೆ ಪಾಪ ಆ ಕಪ್ ಮೇಲೆ ಭಾರ ಹಾಕಬೇಡಿ. ನನ್ನ ಹೆಸರು ನೋಡಿ ನಗಬೇಡಿ, ಅನುಭವದಿಂದ ಹೇಳುತ್ತಿದ್ದೇನೆ.


ಸೂಕ್ಷ್ಮದರ್ಶಕ, ರಾಯಚೂರು

ನಾನು ಕಾಲೇಜಿನಲ್ಲಿ ಮೈಕ್ರೊಬಯಾಲಜಿ ಕಲಿಸುತ್ತೇನೆ, ಆದ್ದರಿಂದ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ನಿಮ್ಮ ತಾಯಿಯವರ ಪ್ರಶ್ನೆ. ಅದೇ ಇಲ್ಲಿ ಸರಿಯಾದ ಪ್ರಶ್ನೆ. ಎಲ್ಲ ಮೊಸರಲ್ಲೂ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ, ಇಲ್ಲದಿದ್ದರೆ ಹಾಲು ಹೆಪ್ಪಾಗುವುದೇ ಇಲ್ಲ. ಆದರೆ ಬ್ಯಾಕ್ಟೀರಿಯಾ ಇದ್ದದ್ದೆಲ್ಲ ಪ್ರೊಬಯೋಟಿಕ್ ಅಲ್ಲ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ ಕೂರಿಸಿದ ತಜ್ಞರು ಈ ಪದಕ್ಕೆ ಒಂದು ಅರ್ಥ ಹೇಳಿದರು. ಆ ಜೀವಿ ಬದುಕಿರಬೇಕು, ಸಾಕಷ್ಟು ಸಂಖ್ಯೆಯಲ್ಲಿ ಹೊಟ್ಟೆಗೆ ಹೋಗಬೇಕು, ಹೋದ ಮೇಲೆ ಆರೋಗ್ಯಕ್ಕೆ ಲಾಭ ಆಗಬೇಕು. ಈ ಮೂರನೆಯದೇ ಕಷ್ಟ, ಅದನ್ನು ಜನರ ಮೇಲೆ ಪರೀಕ್ಷಿಸಿ ತೋರಿಸಬೇಕು. ಮನೆ ಮೊಸರಿನಲ್ಲಿ ಯಾವ ಯಾವ ಜೀವಿ ಎಷ್ಟೆಷ್ಟಿದೆ ಅಂತ ಯಾರೂ ಎಣಿಸಿಲ್ಲ. ನಿಮ್ಮ ಮನೆ ಹೆಪ್ಪು ಬೇರೆ, ಪಕ್ಕದ ಮನೆ ಹೆಪ್ಪು ಬೇರೆ. ನಮ್ಮಜ್ಜಿ ಹೆಪ್ಪು ಸಿಗದಿದ್ದರೆ ಬೆಚ್ಚಗಿನ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿಡುತ್ತಿದ್ದಳು, ತೊಟ್ಟಿನ ಮೇಲಿದ್ದ ಬ್ಯಾಕ್ಟೀರಿಯಾನೇ ಹಾಲನ್ನು ಹುಳಿ ಮಾಡುತ್ತಿತ್ತು. ಒಳ್ಳೆಯ ಮೊಸರು, ಆದರೆ ಅದರಲ್ಲಿ ಏನಿದೆ ಅಂತ ಕೇಳಿದರೆ ನಾನೂ ಲ್ಯಾಬಿಗೆ ಹೋಗಿ ನೋಡಬೇಕು.

ಕಾರ್ಖಾನೆಯ ಯೋಗರ್ಟ್‌ನಲ್ಲಿ ಸಾಮಾನ್ಯವಾಗಿ ಇಬ್ಬರೇ ಕೆಲಸಗಾರರು, ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್ ಮತ್ತು ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್. ಇವುಗಳಿಂದ ಆಗುವ ಒಂದು ಲಾಭ ಮಾತ್ರ ಗಟ್ಟಿಯಾಗಿ ಸಾಬೀತಾಗಿದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಮೊಸರಿನ ಲ್ಯಾಕ್ಟೋಸ್ ಸುಲಭವಾಗಿ ಜೀರ್ಣವಾಗುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಪ್ರೊಬಯೋಟಿಕ್ ಕಂಪನಿಗಳು ಕೇಳಿದ ಹೆಚ್ಚುಕಡಿಮೆ ಎಲ್ಲ ಹೇಳಿಕೆಗಳನ್ನೂ ತಿರಸ್ಕರಿಸಿತು, ಆದರೆ 2010ರಲ್ಲಿ ಇದೊಂದನ್ನು ಒಪ್ಪಿಕೊಂಡಿತು. ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಮಜ್ಜಿಗೆ ಕುಡಿದರೆ ಏನೂ ಆಗಲ್ಲ ಅನ್ನುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಅದಕ್ಕೆ ಇದೇ ಕಾರಣ.

ಈಗ ಮಲಬದ್ಧತೆಗೆ ಬರೋಣ. ನೀವು ಗಿರಣಿಯವರು, ಭತ್ತ ಅಂದರೆ ಸಾಕಾಗುತ್ತದಾ? ಯಾವ ತಳಿ ಅಂತ ಕೇಳಲ್ವಾ? ಇಲ್ಲೂ ಅಷ್ಟೆ. ಜಾತಿ ಒಂದೇ ಇದ್ದರೂ ತಳಿ ಬೇರೆ ಆದರೆ ಫಲ ಬೇರೆ. 2014ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಮಲಬದ್ಧತೆ ಇದ್ದ 1182 ಜನರ ಮೇಲೆ ನಡೆದ 14 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರು. ಪ್ರೊಬಯೋಟಿಕ್ ತಗೊಂಡವರು ಸರಾಸರಿ ವಾರಕ್ಕೆ 1.3 ಸಲ ಜಾಸ್ತಿ ಹೋದರು. ಅದರಲ್ಲೂ ಲಾಭ ಮುಖ್ಯವಾಗಿ ಕಂಡದ್ದು ಬಿಫಿಡೊಬ್ಯಾಕ್ಟೀರಿಯಂ ಲ್ಯಾಕ್ಟಿಸ್‌ನಲ್ಲಿ. ಕೇಳೋಕೆ ಚೆನ್ನಾಗಿದೆ. ಆದರೆ ಆಮೇಲೆ ಅದೇ ಲ್ಯಾಕ್ಟಿಸ್‌ನ ಒಂದು ತಳಿಯನ್ನು ಇನ್ನೂರಕ್ಕೂ ಹೆಚ್ಚು ಜನರ ಮೇಲೆ ಎಂಟು ವಾರ ಪರೀಕ್ಷಿಸಿದಾಗ ಔಷಧಿ ಇಲ್ಲದ ಖಾಲಿ ಪುಡಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನನ್ನ ಮಾತು ಇಷ್ಟೆ: ಸ್ವಲ್ಪ ಸಹಾಯ ಆಗಬಹುದು, ಆಗದೆಯೂ ಇರಬಹುದು, ಗಡಿಯಾರದ ಕಥೆ ಮಾತ್ರ ನಂಬಬೇಡಿ.

ನಿಮ್ಮ ಕಪ್ ಮೇಲೆ ಏನು ಬರೆದಿದೆ ನೋಡಿ. ನಮ್ಮ ದೇಶದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲೇ ಮಾರ್ಗಸೂಚಿ ಮಾಡಿವೆ. ಜಾತಿಯ ಜೊತೆ ತಳಿಯ ಹೆಸರು ಇರಬೇಕು, ಎಕ್ಸ್‌ಪೈರಿ ದಿನದವರೆಗೂ ಎಷ್ಟು ಜೀವಿ ಬದುಕಿರುತ್ತವೆ ಅಂತ ಇರಬೇಕು, ಹೇಗೆ ಇಡಬೇಕು ಅಂತಲೂ ಇರಬೇಕು. ಬರೀ ದೊಡ್ಡ ಅಕ್ಷರದಲ್ಲಿ ಪ್ರೊಬಯೋಟಿಕ್ ಅಂತ ಇದ್ದು ತಳಿಯ ಹೆಸರು ಎಲ್ಲೂ ಇಲ್ಲದಿದ್ದರೆ ದುಬಾರಿ ಮೊಸರು ತಿಂದೆ ಅಂದುಕೊಳ್ಳಿ.


ಗಿರಣಿ_ಗುಮಾಸ್ತ, ಗಂಗಾವತಿ

ಸರ್, ತುಂಬಾ ಥ್ಯಾಂಕ್ಸ್. ಕನ್ನಡಕ ಹಾಕಿಕೊಂಡು ನೋಡಿದೆ. ಬಿಫಿಡೊ ಅಂತ ಶುರುವಾಗುವ ಒಂದು ಹೆಸರಿದೆ, ಅದರ ಮುಂದೆ ತಳಿಯ ಅಕ್ಷರ, ನಂಬರ್ ಏನೂ ಇಲ್ಲ. ಸಂಖ್ಯೆ ಇದೆ, ಆದರೆ ಅದು ತಯಾರಾದ ದಿನದ್ದಾ ಕೊನೆಯ ದಿನದ್ದಾ ಗೊತ್ತಾಗಲ್ಲ. ಸಕ್ಕರೆ ಮಾತ್ರ ದಪ್ಪ ಅಕ್ಷರದಲ್ಲಿದೆ.

ಒಗ್ಗರಣೆ ಮಿರ್ಚಿಯವರೇ, ನೀವು ಕೇಳಿದ್ದಕ್ಕೆ ಉತ್ತರ. ವಾರದಲ್ಲಿ ಮೂರು ದಿನ ಅದೇ, ಗಿರಣಿ ಎದುರಿನ ಹೋಟೆಲ್‌ನಲ್ಲಿ. ಉಳಿದ ದಿನ ಇಡ್ಲಿ ಇಲ್ಲ ಚಿತ್ರಾನ್ನ. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ ಸಾರು, ರಾತ್ರಿ ಅನ್ನ ಮಜ್ಜಿಗೆ. ರೊಟ್ಟಿ ಭಾನುವಾರ ಮಾತ್ರ.


ಎಡದಂಡೆ_ಕಾಲುವೆ, ಕಾರಟಗಿ

ಮಿರ್ಚಿಗೆ ಜಯವಾಗಲಿ.

ನಾನು ಈ ಪ್ರೊಬಯೋಟಿಕ್ ವ್ಯವಹಾರವನ್ನು ಜಾಸ್ತಿ ನಂಬದವನು, ಅದಕ್ಕೊಂದು ಕಾರಣ ಹೇಳುತ್ತೇನೆ. ಅಮೆರಿಕದಲ್ಲಿ ಡ್ಯಾನನ್ ಕಂಪನಿ ಆಕ್ಟಿವಿಯಾ ಅನ್ನೋ ಮೊಸರು ಮಾರುತ್ತಿತ್ತು. ದಿನಾ ಒಂದು ಕಪ್ ತಿಂದರೆ ಹೊಟ್ಟೆ ಸರಿಯಾಗಿ ಹೋಗುತ್ತದೆ ಅಂತ ಟಿವಿಯಲ್ಲಿ ಜಾಹೀರಾತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೆ ಪುರಾವೆ ಎಲ್ಲಿ ಅಂತ ಕೇಳಿತು. 2010ರ ಡಿಸೆಂಬರ್‌ನಲ್ಲಿ ರಾಜಿ ಆಯಿತು. ಹೊಟ್ಟೆ ಸರಿಯಾಗಿ ಹೋಗಲು ದಿನಕ್ಕೆ ಮೂರು ಕಪ್ ತಿನ್ನಬೇಕು ಅಂತ ತಿಳಿಸದೆ ಆ ಮಾತು ಹೇಳುವ ಹಾಗಿಲ್ಲ ಅಂತಾಯಿತು. ಅದೇ ಹೊತ್ತಿಗೆ 39 ರಾಜ್ಯಗಳಿಗೆ 2.1 ಕೋಟಿ ಡಾಲರ್ ಕಟ್ಟಿದರು. ಒಂದು ಕಪ್ ಅಂತ ಮಾರಿ ಮೂರು ಕಪ್ ಲೆಕ್ಕ. ಗುಮಾಸ್ತರೇ, ನಿಮ್ಮ ಆರುನೂರನ್ನು ಮೂರರಿಂದ ಗುಣಿಸಿ.

ಈ ಮೊಸರಿನ ಹುಚ್ಚು ಶುರು ಮಾಡಿದ್ದು ಇಲ್ಯಾ ಮೆಚ್ನಿಕೋಫ್ ಅನ್ನೋ ವಿಜ್ಞಾನಿ. ಬಲ್ಗೇರಿಯಾದ ರೈತರು ಹುಳಿ ಹಾಲು ಕುಡಿದು ದೀರ್ಘಕಾಲ ಬದುಕುತ್ತಾರೆ ಅಂತ ನಂಬಿ ತಾನೂ ದಿನಾ ಕುಡಿಯುತ್ತಿದ್ದ. 1908ರಲ್ಲಿ ಅವನಿಗೆ ನೊಬೆಲ್ ಬಂತು, ನಿಜ, ಆದರೆ ಅದು ದೇಹದ ರೋಗನಿರೋಧಕ ಶಕ್ತಿಯ ಕೆಲಸಕ್ಕೆ, ಮೊಸರಿಗಲ್ಲ. ಅವನು ತೀರಿಕೊಂಡದ್ದು 71ಕ್ಕೆ. ನಮ್ಮೂರಲ್ಲಿ 71ರವರು ಇನ್ನೂ ಗದ್ದೆಗೆ ಗೊಬ್ಬರ ಎರಚುತ್ತಿದ್ದಾರೆ.


ಕೌಲ್‌ಬಜಾರ್_ಹುಡುಗ, ಬಳ್ಳಾರಿ

ಅಣ್ಣ ಕಾಲುವೆ, ಹಾಗಾದ್ರೆ ನನಗೆ ಸರಿಹೋಗಿದ್ದು ಸುಳ್ಳಾ? ಡಾಕ್ಟರೇ ಬರೆದುಕೊಟ್ಟಿದ್ದು.


ಸೂಕ್ಷ್ಮದರ್ಶಕ, ರಾಯಚೂರು

ಸುಳ್ಳಲ್ಲ ತಮ್ಮಾ. ಆಂಟಿಬಯೋಟಿಕ್ ತಗೊಂಡಾಗ ಆಗುವ ಬೇಧಿ ಬೇರೆ ವಿಷಯ, ಅದನ್ನು ತಡೆಯೋದರಲ್ಲಿ ಕೆಲವು ತಳಿಗಳಿಗೆ ಒಳ್ಳೆಯ ಪುರಾವೆ ಇದೆ. ಸ್ಯಾಕರೊಮೈಸಿಸ್ ಬೌಲಾರ್ಡಿ ಅನ್ನೋ ಯೀಸ್ಟ್, ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್ ಜಿಜಿ ಇವೆಲ್ಲ. ನಿನ್ನ ಡಾಕ್ಟರ್ ಬರೆದದ್ದು ಇವುಗಳಲ್ಲಿ ಒಂದಿರಬಹುದು. ಆದರೆ ಆಂಟಿಬಯೋಟಿಕ್ ನಿಲ್ಲಿಸಿದರೆ ತಾನಾಗಿಯೂ ಸರಿಹೋಗುವುದು ಜಾಸ್ತಿ, ಆದ್ದರಿಂದ ನಾಲ್ಕು ದಿನದಲ್ಲಿ ಯಾವುದು ಸರಿಮಾಡಿತು ಅಂತ ಒಬ್ಬನ ಅನುಭವದಿಂದ ಹೇಳೋಕಾಗಲ್ಲ.

ಇನ್ನೊಂದು ಸ್ವಾರಸ್ಯ ಇದೆ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಆಂಟಿಬಯೋಟಿಕ್ ಆದ ಮೇಲೆ ಕೆಲವರಿಗೆ ಪ್ರೊಬಯೋಟಿಕ್ ಕೊಟ್ಟರು, ಕೆಲವರನ್ನು ಹಾಗೇ ಬಿಟ್ಟರು. ಪ್ರೊಬಯೋಟಿಕ್ ತಗೊಂಡವರ ಕರುಳಿಗೆ ಅವರದೇ ಹಳೆಯ ಜೀವಿಗಳು ವಾಪಸ್ ಬರೋದು ತಡವಾಯಿತು. ಹೊರಗಿಂದ ಬಂದವರು ಜಾಗ ಹಿಡಿದು ಕೂತರೆ ಮನೆಯವರಿಗೆ ಒಳಗೆ ಬರೋಕೆ ತೊಂದರೆ. ಸಣ್ಣ ಪ್ರಯೋಗ ಅದು, ಆದರೂ ವರ್ಷಗಟ್ಟಲೆ ಸುಮ್ನೆ ಕುಡಿಯೋಕೆ ಕಾರಣ ಇಲ್ಲ ಅಂತ ಅನ್ನಿಸುತ್ತದೆ ಅಲ್ವಾ? ಮತ್ತೆ ಈ ಜೀವಿಗಳು ಹೊಟ್ಟೆಯಲ್ಲಿ ಕಾಯಂ ಮನೆ ಮಾಡಲ್ಲ. ಕುಡಿಯೋದು ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಅವೂ ಹೋಗುತ್ತವೆ.


ಸಿಂಧನೂರು_ಅಕ್ಕ

ಎಲ್ಲರೂ ಲಂಡನ್ನು, ಇಸ್ರೇಲು ಸುತ್ತಿ ಬಂದಿರಿ, ಗುಮಾಸ್ತ ತಮ್ಮ ತನ್ನ ತಟ್ಟೆ ತೋರಿಸಿದ್ದನ್ನು ಮಿರ್ಚಿ ಬಿಟ್ಟು ಬೇರೆ ಯಾರೂ ನೋಡಲಿಲ್ಲ.

ತಮ್ಮಾ, ಮೂರು ಹೊತ್ತು ಅನ್ನ, ಅದೂ ಗಿರಣಿಯಲ್ಲಿ ಚೆನ್ನಾಗಿ ಪಾಲಿಶ್ ಮಾಡಿದ ಸೋನಾ ಮಸೂರಿ. ತೌಡನ್ನೆಲ್ಲ ನಿಮ್ಮ ಗಿರಣಿಯವರೇ ತೆಗೆದು ಬೇರೆ ಮಾರುತ್ತೀರಿ, ಹೊಟ್ಟೆಗೆ ಬೇಕಾದದ್ದು ಅದೇ. ಪಾಲಿಶ್ ಅಕ್ಕಿಯಲ್ಲಿ 100 ಗ್ರಾಂಗೆ ನಾರು 3 ಗ್ರಾಮೂ ಇರಲ್ಲ, ಜೋಳದಲ್ಲಿ ಸುಮಾರು 10 ಗ್ರಾಂ ಇದೆ. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ 30 ಗ್ರಾಂ ನಾರು ಬೇಕು ಅಂತ ಹೈದರಾಬಾದಿನ ಪೋಷಣಾ ಸಂಸ್ಥೆಯವರ ಲೆಕ್ಕ. ಅಂಗನವಾಡಿ ತರಬೇತಿಯಲ್ಲಿ ಇದನ್ನೆಲ್ಲ ಬರೆಸಿದ್ದರು, ನನ್ನ ನೋಟ್‌ಬುಕ್ ಇನ್ನೂ ಇದೆ. ನೀವು ಮಧ್ಯಾಹ್ನ ತಿನ್ನುವ ಅನ್ನದಿಂದ ನಾಲ್ಕು ಗ್ರಾಂ ಬಂದರೆ ಹೆಚ್ಚು.

ನಮ್ಮ ಅತ್ತೆ ಕಾಲದಲ್ಲಿ ಸಿಂಧನೂರಿನಲ್ಲಿ ಅನ್ನ ಅಂದರೆ ಹಬ್ಬದ ಊಟ. ಕಾಲುವೆ ನೀರು ಬಂತು, ಭತ್ತ ಬಂತು, ಜೋಳ ಹೋಯಿತು. ನಾನು ಭತ್ತವನ್ನು ಬೈಯುತ್ತಿಲ್ಲ, ನಮ್ಮ ಮನೆ ನಡೆಯುವುದೂ ಅದರಿಂದಲೇ. ಆದರೆ ಆಗ ಬೆಳಿಗ್ಗೆ ಕಟಿ ರೊಟ್ಟಿ ಶೇಂಗಾ ಹಿಂಡಿ ಮೊಸರು, ಮಧ್ಯಾಹ್ನ ಬಿಸಿ ರೊಟ್ಟಿಗೆ ಪುಂಡಿ ಪಲ್ಯ ಇಲ್ಲ ಹೆಸರುಕಾಳು ಪಲ್ಯ, ರಾತ್ರಿ ಜೋಳದ ನುಚ್ಚಿಗೆ ಮಜ್ಜಿಗೆ. ಮೊಸರು ಆಗಲೂ ಇತ್ತು, ಆದರೆ ಬ್ಯಾಕ್ಟೀರಿಯಾಕ್ಕೆ ತಿನ್ನೋಕೂ ಏನೋ ಇತ್ತು. ಈಗ ಅದಕ್ಕೆ ಅನ್ನದ ಗಂಜಿ.

ನಾಳೆಯಿಂದಲೇ ಮಧ್ಯಾಹ್ನದ ಡಬ್ಬಿಗೆ ಎರಡು ರೊಟ್ಟಿ ಹಾಕಿಸಿಕೊಳ್ಳಿ. ಒಮ್ಮೆಗೇ ಆರು ತಿನ್ನಬೇಡಿ, ಒಂದೇ ದಿನಕ್ಕೆ ನಾರು ಜಾಸ್ತಿ ಮಾಡಿದರೆ ಗ್ಯಾಸ್ ಇನ್ನೂ ಹೆಚ್ಚುತ್ತದೆ, ಆಮೇಲೆ ಅಕ್ಕ ಹೇಳಿದ್ದಕ್ಕೆ ಹೀಗಾಯಿತು ಅನ್ನುತ್ತೀರಿ. ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ನೀರು ಕುಡಿಯಿರಿ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ, ಬೆವರಿನಲ್ಲೇ ಅರ್ಧ ಹೋಗುತ್ತದೆ, ಕರುಳಿಗೆ ಉಳಿಯುವುದು ಏನು? ಪೇರಲ ಹಣ್ಣು ಸಿಕ್ಕಾಗ ಬೀಜದ ಸಮೇತ ತಿನ್ನಿ. ಬಳ್ಳಾರಿ ಕಡೆ ಅಂಜೂರ ಬೆಳೆಯುತ್ತಾರಲ್ಲ, ಒಣಗಿದ ಮೂರು ಹಣ್ಣನ್ನು ರಾತ್ರಿ ನೀರಲ್ಲಿ ನೆನೆಸಿಟ್ಟು ಬೆಳಿಗ್ಗೆ ನೀರಿನ ಸಮೇತ ತಿಂದರೆ ನಮ್ಮ ಮನೆಯವರಿಗಂತೂ ಸಾಫ್ ಆಗುತ್ತದೆ.

ಮಜ್ಜಿಗೆ ಬಿಡಬೇಡಿ. ಆದರೆ ಮಜ್ಜಿಗೆ ಸಾರು ಮಾಡಿ ಕುದಿಸಿ, ಅದರಲ್ಲೂ ಜೀವಂತ ಬ್ಯಾಕ್ಟೀರಿಯಾ ಇದೆ ಅಂತ ಮಾತ್ರ ಹೇಳಬೇಡಿ. ನಮ್ಮ ಯಜಮಾನರು ಹಾಗೇ ವಾದ ಮಾಡುತ್ತಾರೆ.


ಔಷಧಿ_ಅಂಗಡಿ, ಮಾನ್ವಿ

ಅಕ್ಕ ಹೇಳಿದ ಕೊನೆಯ ಮಾತಿಗೆ ಒಂದು ಸೇರಿಸುತ್ತೇನೆ. ಅಂಗಡಿಯ ಕಪಾಟಿನಲ್ಲಿ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೂರುವ ರಟ್ಟಿನ ಪ್ಯಾಕ್ ಮಜ್ಜಿಗೆಯೂ ಹಾಗೇ. ಜೋರಾಗಿ ಕಾಯಿಸಿ ತುಂಬಿಸಿರುತ್ತಾರೆ, ಒಳಗೆ ಜೀವ ಇರಲ್ಲ. ಬಾಯಾರಿಕೆಗೆ ಸರಿ.

ಇನ್ನೊಂದು, ನಮ್ಮ ಬಿಸಿಲಿನದು. ಏಪ್ರಿಲ್‌ನಲ್ಲಿ ನಾನೇ ಒಂದು ಅಂಗಡಿಯಿಂದ ಪ್ರೊಬಯೋಟಿಕ್ ಬಾಟಲಿ ತಂದೆ, ಕೈಗೆ ಬೆಚ್ಚಗಿತ್ತು. ಕೇಳಿದರೆ ಮಧ್ಯಾಹ್ನ ಮೂರು ಗಂಟೆ ಕರೆಂಟ್ ಇರಲಿಲ್ಲ ಅಂದರು. ಬೆಚ್ಚಗಾದ ಕೂಡಲೇ ಎಲ್ಲ ಸಾಯಲ್ಲ, ಆದರೆ ಲೇಬಲ್ ಮೇಲಿನ ಕೋಟಿಗಳ ಲೆಕ್ಕ ಫ್ರಿಜ್‌ನಲ್ಲಿ ಇಟ್ಟರೆ ಮಾತ್ರ. ಹೊಸಪೇಟೆಯಿಂದ ಗಂಗಾವತಿಗೆ ಬಸ್ಸಿನಲ್ಲಿ ಕೈಚೀಲದಲ್ಲಿ ಬಂದ ಕಪ್‌ಗಳ ಗತಿ ಏನು ಅಂತ ನೀವೇ ಯೋಚಿಸಿ.


ಕೊಪ್ಪಳ_ಸಿಸ್ಟರ್

ಇಪ್ಪತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ಗುಮಾಸ್ತರೇ, ಮೊಸರಿನ ಚರ್ಚೆ ಪಕ್ಕಕ್ಕಿಟ್ಟು ಒಂದು ಮಾತು ಕೇಳುತ್ತೇನೆ. ಆರೇಳು ತಿಂಗಳ ಹಿಂದೆ ಏನು ಬದಲಾಯಿತು? ಅನ್ನ ನೀವು ಮೊದಲಿಂದಲೂ ತಿನ್ನುತ್ತಿದ್ದಿರಿ, ಕುರ್ಚಿಯೂ ಹಳೆಯದೇ. ಹೊಸ ಗುಳಿಗೆ ಏನಾದರೂ ಶುರು ಮಾಡಿದಿರಾ? ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ಕೆಲವು ಬಿ.ಪಿ. ಗುಳಿಗೆ, ಅಸಿಡಿಟಿಗೆ ಕುಡಿಯುವ ಅಲ್ಯೂಮಿನಿಯಂ ಇರುವ ಸಿರಪ್, ಕೆಲವು ನೋವಿನ ಗುಳಿಗೆ, ಇವೆಲ್ಲ ಹೊಟ್ಟೆ ಕಟ್ಟುತ್ತವೆ. ಥೈರಾಯ್ಡ್ ಕಡಿಮೆ ಆದರೂ ಹೀಗೇ, ಶುಗರ್ ಹಳೆಯದಾದರೂ ಹೀಗೇ.

ಮಲದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯೋದು, ರಕ್ತ ಕಡಿಮೆ ಆಗಿರೋದು, ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದದ್ದು, ಇದರಲ್ಲಿ ಒಂದಿದ್ದರೂ ಮೊಸರು, ಅಂಜೂರ, ರೊಟ್ಟಿ ಏನೂ ಕಾಯಬೇಡಿ, ಮೊದಲು ಡಾಕ್ಟರ್. ನಿಮ್ಮ ವಯಸ್ಸಿನಲ್ಲಿ ಹೊಸದಾಗಿ ಶುರುವಾಗಿ ತಿಂಗಳುಗಟ್ಟಲೆ ಉಳಿದಿದೆ ಅಂದಮೇಲೆ ಇದ್ಯಾವುದೂ ಇಲ್ಲದಿದ್ದರೂ ಒಮ್ಮೆ ತೋರಿಸಿಕೊಳ್ಳಿ. ಹಾಗಂತ ಗಾಬರಿ ಬೇಡ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಾಮಾನ್ಯವೇ. ದಿನಾ ಆಗಲೇಬೇಕು ಅನ್ನೋದು ನಮ್ಮ ತಲೆಯಲ್ಲಿ ಕೂತ ಲೆಕ್ಕ. ನಿಮಗೆ ತಿಣುಕುವುದು, ಉಳಿದ ಹಾಗೆ ಅನ್ನಿಸುವುದು ಇದೆಯಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ರಾತ್ರಿ ಇಸಬ್ಗೋಲ್ ಒಂದು ದೊಡ್ಡ ಚಮಚ ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಿರಿ, ಮೇಲೆ ಇನ್ನೊಂದು ಲೋಟ ನೀರು. ಪುರಾವೆ ಅಂತ ಕೇಳಿದರೆ ಮಲಬದ್ಧತೆಗೆ ಇದು ಪ್ರೊಬಯೋಟಿಕ್‌ಗಿಂತ ಗಟ್ಟಿ, ದರದಲ್ಲೂ ಕಡಿಮೆ. ನೀರು ಕಡಿಮೆ ಮಾಡಿದರೆ ಅದೇ ಗಂಟಾಗುತ್ತದೆ, ಅದು ನೆನಪಿರಲಿ. ಸೋನಾಮುಖಿ ಇರುವ ಚೂರ್ಣ ಮಾತ್ರ ಯಾರನ್ನೂ ಕೇಳದೆ ತಿಂಗಳುಗಟ್ಟಲೆ ತಿನ್ನಬೇಡಿ.

ಬೆಳಿಗ್ಗೆ ತಿಂಡಿ ತಿಂದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಅಲುಗಾಡುತ್ತದೆ. ಆ ಹೊತ್ತಿಗೆ ನೀವು ಬೈಕ್ ಮೇಲೆ ಗಿರಣಿ ದಾರಿಯಲ್ಲಿರುತ್ತೀರಿ, ಬಂದದ್ದನ್ನು ತಡೆದುಕೊಳ್ಳುತ್ತೀರಿ, ಅಲ್ವಾ? ಹತ್ತು ನಿಮಿಷ ಬೇಗ ಏಳಿ. ಮನೆಯಲ್ಲಿ ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ.


ಗಿರಣಿ_ಗುಮಾಸ್ತ, ಗಂಗಾವತಿ

ಸಿಸ್ಟರ್, ನೀವು ಕೇಳಿದ ಮೇಲೆ ಡಬ್ಬಿ ತೆಗೆದು ನೋಡಿದೆ. ಮಂಡಿ ನೋವಿಗೆ ಅಂತ ದಿನಾ ಎರಡು ಕ್ಯಾಲ್ಸಿಯಂ ಗುಳಿಗೆ. ಯಾವಾಗಿಂದ ಅಂತ ಚೀಟಿ ನೋಡಿದರೆ ಸರಿಯಾಗಿ ಏಳು ತಿಂಗಳು. ಒಂದು ತಿಂಗಳಿಗೆ ಅಂತ ಕೊಟ್ಟದ್ದನ್ನು ನಾನೇ ಅಂಗಡಿಯಲ್ಲಿ ಕೇಳಿ ಮುಂದುವರಿಸಿದ್ದೆ. ಉಬ್ಬರಕ್ಕೆ ಅಂತ ಗುಲಾಬಿ ಬಣ್ಣದ ಸಿರಪ್ ಕೂಡ ವಾರಕ್ಕೆ ಮೂರು ನಾಲ್ಕು ದಿನ. ಲೆಕ್ಕ ಬರೆಯುವವನಿಗೆ ಈ ಲೆಕ್ಕ ಹೊಳೆಯಲಿಲ್ಲ ನೋಡಿ.

ರಕ್ತ, ತೂಕ ಎಲ್ಲ ಏನೂ ಇಲ್ಲ. ಶನಿವಾರ ಡಾಕ್ಟರ್ ಹತ್ತಿರ ಹೋಗುತ್ತೇನೆ. ಸರ್, ಇನ್ನೊಂದು ಪ್ರಶ್ನೆ, ಅವ್ವ ಕೇಳುತ್ತಿದ್ದಾಳೆ. ಈ ಕಪ್ ಮೊಸರನ್ನೇ ಹೆಪ್ಪು ಹಾಕಿದರೆ ಮನೆಯಲ್ಲೇ ಪ್ರೊಬಯೋಟಿಕ್ ಆಗಲ್ವಾ?


ಸೂಕ್ಷ್ಮದರ್ಶಕ, ರಾಯಚೂರು

ತಾಯಿಯವರು ನಮ್ಮ ಕಾಲೇಜಿಗೆ ಬಂದರೆ ಸೀಟು ಕೊಡಿಸುತ್ತೇನೆ. ಮೊಸರು ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ. ಆದರೆ ಹಾಲಿನಲ್ಲಿ ಜೋರಾಗಿ ಬೆಳೆಯುವುದು ಮೊಸರಿನ ಆ ಇಬ್ಬರು ಮಾಮೂಲಿ ಕೆಲಸಗಾರರು. ಬಿಫಿಡೊ ಜೀವಿಗಳಿಗೆ ಹಾಲು ಅಷ್ಟು ಹಿಡಿಸಲ್ಲ, ಗಾಳಿಯೂ ಹಿಡಿಸಲ್ಲ, ಹುಳಿಯೂ ಹಿಡಿಸಲ್ಲ. ಮೊದಲ ಸಲ ಸ್ವಲ್ಪ ಉಳಿಯಬಹುದು. ಆ ಮೊಸರಿನಿಂದ ಮತ್ತೆ ಹೆಪ್ಪು, ಅದರಿಂದ ಮತ್ತೆ ಹೆಪ್ಪು ಅಂತ ಹೋದರೆ ಕೆಲವು ಸಲಕ್ಕೆ ಅವು ಎಣಿಕೆಗೆ ಸಿಗದ ಹಾಗೆ ಆಗಬಹುದು.

ಮನೆ ಮೊಸರು ಕಡಿಮೆ ಅಂತ ನಾನು ಹೇಳುತ್ತಿಲ್ಲ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 36 ಜನರನ್ನು ಎರಡು ಗುಂಪು ಮಾಡಿ ಹತ್ತು ವಾರ ನೋಡಿದರು. ಮೊಸರು, ಕೆಫಿರ್, ಹುಳಿ ತರಕಾರಿ ಹೀಗೆ ಹುದುಗಿಸಿದ್ದನ್ನು ದಿನಾ ತಿಂದ ಗುಂಪಿನವರ ಕರುಳಿನಲ್ಲಿ ಜೀವಿಗಳ ವೈವಿಧ್ಯ ಜಾಸ್ತಿಯಾಯಿತು. ಅಲ್ಲಿ ತಳಿ ನಂಬರ್ ಹಾಕಿದ ಕ್ಯಾಪ್ಸೂಲ್ ಏನೂ ಇರಲಿಲ್ಲ, ಊಟದ ಪದಾರ್ಥಗಳೇ. ಆದರೆ ಅದು ಮಲಬದ್ಧತೆಯ ಪ್ರಯೋಗ ಅಲ್ಲ, ಅದನ್ನು ಹಿಡಿದು ಹೊಟ್ಟೆ ಸಾಫ್ ಆಗುತ್ತದೆ ಅಂದರೆ ಕಾಲುವೆಯವರು ನನ್ನ ಮೇಲೆ ಕೇಸ್ ಹಾಕುತ್ತಾರೆ.

ಒಂದು ಬೇಡಿಕೆ. ಎಲ್ಲ ಒಟ್ಟಿಗೆ ಬದಲಿಸಬೇಡಿ. ಮೊದಲು ಡಾಕ್ಟರನ್ನು ಕೇಳಿ ಗುಳಿಗೆ ವಿಷಯ ನೋಡಿ, ಎರಡು ವಾರ ಬಿಟ್ಟು ರೊಟ್ಟಿ, ಆಮೇಲೆ ಬೇಕಿದ್ದರೆ ಕಪ್. ಆಗ ಯಾವುದರಿಂದ ಏನಾಯಿತು ಅಂತ ಗೊತ್ತಾಗುತ್ತದೆ.


ಎಡದಂಡೆ_ಕಾಲುವೆ, ಕಾರಟಗಿ

ಸರ್, ಹೊಟ್ಟೆ ಕಟ್ಟಿದವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?


ಗಿರಣಿ_ಗುಮಾಸ್ತ, ಗಂಗಾವತಿ (ನಾಲ್ಕು ವಾರದ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಸುಗ್ಗಿ ಇತ್ತು.

ಡಾಕ್ಟರ್ ಕ್ಯಾಲ್ಸಿಯಂ ನಿಲ್ಲಿಸಿದರು, ಅದು ಇಷ್ಟು ದಿನ ಬೇಕೇ ಇರಲಿಲ್ಲವಂತೆ. ಸಿರಪ್ ಕೂಡ ಬೇಡ ಅಂದರು. ಥೈರಾಯ್ಡ್, ಶುಗರ್, ರಕ್ತ ಎಲ್ಲ ಪರೀಕ್ಷೆ ಮಾಡಿಸಿದೆ, ಸರಿಯಾಗಿದೆ. ಇಸಬ್ಗೋಲ್ ಬರೆದುಕೊಟ್ಟರು, ಸಿಸ್ಟರ್ ಹೇಳಿದ್ದೇ ಮಾತು, ಎರಡು ಲೋಟ ನೀರಿನ ಸಮೇತ. ಈಗ ಹೆಚ್ಚುಕಡಿಮೆ ದಿನಾ ಆಗುತ್ತಿದೆ, ವಾರಕ್ಕೆ ಒಂದು ದಿನ ತಪ್ಪಿದರೂ ತಿಣುಕೋದು ಇಲ್ಲ. ಉಬ್ಬರ ಪೂರ್ತಿ ಹೋಗಿಲ್ಲ, ಮಿರ್ಚಿ ತಿಂದ ದಿನ ಬರುತ್ತದೆ. ಮಿರ್ಚಿ ವಾರಕ್ಕೆ ಒಂದಕ್ಕೆ ಇಳಿಸಿದ್ದೇನೆ, ಅದಕ್ಕಿಂತ ಕೆಳಗೆ ನನ್ನಿಂದ ಆಗಲ್ಲ.

ಸರ್ ಕ್ಷಮಿಸಿ, ಒಂದೊಂದಾಗಿ ಬದಲಿಸಿ ಅಂದಿರಿ, ಮನೆಯಲ್ಲಿ ಯಾರೂ ಬಿಡಲಿಲ್ಲ. ಗುಳಿಗೆ ನಿಂತ ದಿನವೇ ಅವ್ವ ಡಬ್ಬಿಗೆ ರೊಟ್ಟಿ ಹಾಕಿದಳು, ಮನೆಯವಳು ಉಳಿದ ಕಪ್‌ಗಳನ್ನು ದಿನಾ ಒಂದರಂತೆ ಮುಂದೆ ಇಟ್ಟಳು. ಈಗ ಅವ್ವ ರೊಟ್ಟಿಯಿಂದ ಅನ್ನುತ್ತಾಳೆ, ಇವಳು ಕಪ್‌ನಿಂದ ಅಂತ ತಂಗಿಗೆ ಫೋನ್ ಮಾಡಿ ಹೇಳಿದ್ದಾಳೆ. ಕಪ್ ಮುಗಿದು ಹದಿನೆಂಟು ದಿನ ಆಯಿತು, ಇನ್ನೂ ಸರಿಯಾಗಿಯೇ ಹೋಗುತ್ತಿದೆ ಅಂತ ನಾನು ಬಾಯಿ ಬಿಟ್ಟಿಲ್ಲ.

ಕೊನೆಯ ಕಪ್ ನಾನು ತಿನ್ನಲಿಲ್ಲ. ಅವ್ವ ಯಾರಿಗೂ ಹೇಳದೆ ಗಡಿಗೆಗೆ ಹೆಪ್ಪು ಹಾಕಿದ್ದಳು. ಮೊಸರು ಗಟ್ಟಿಯಾಗಿ ಬಂದಿದೆ, ಸ್ವಲ್ಪ ಸಿಹಿ. "ನೋಡು, ಈಗ ನಮ್ಮನಿ ಮೊಸರಿಗೂ ಡಿಗ್ರಿ ಬಂತು" ಅನ್ನುತ್ತಿದ್ದಾಳೆ. ಇವತ್ತಿಗೆ ಆರನೇ ಸಲದ ಹೆಪ್ಪು.